ಬಿಸಿಲಿಗೆ ಹೋಗಬೇಡ ಎಂದವರ ನಡುವೆ: ಸಾನಿಯಾ ಮಿರ್ಜಾ ಆಡಿದ ಇಪ್ಪತ್ತು ವರ್ಷ

ಪ್ರತಿ ಸಲ ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಒಂದು ಅಡುಗೆಯನ್ನೋ ಪ್ರವಾಸದ ಕಥೆಯನ್ನೋ ಕಳಿಸಿ ಸುಮ್ಮನಾಗುತ್ತಿದ್ದೆ. ಈ ಸಲ ಸ್ವಲ್ಪ ಇತಿಹಾಸ ಬರೆಯೋಣ ಎನಿಸಿತು. ದೊಡ್ಡ ರಾಜರ ಇತಿಹಾಸವಲ್ಲ. ನಾವೆಲ್ಲ ಟಿವಿಯ ಮುಂದೆ ಕುಳಿತು ಕಣ್ಣಾರೆ ನೋಡಿದ, ಆದರೆ ಕೂತು ಯೋಚಿಸದೆ ಬಿಟ್ಟ ಇತಿಹಾಸ.

2025ರ ಅಕ್ಟೋಬರ್ 12ರಂದು ನಾನು, ಮಗಳು, ಮೊಮ್ಮಗಳು ಮೂವರೂ ವಿಶಾಖಪಟ್ಟಣದ ಕ್ರಿಕೆಟ್ ಸ್ಟೇಡಿಯಂನಲ್ಲಿದ್ದೆವು. ಮಹಿಳಾ ವಿಶ್ವಕಪ್, ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಪಂದ್ಯ. ಅಂದೇ ಅಲ್ಲಿನ ಸ್ಟ್ಯಾಂಡುಗಳಿಗೆ ಇಬ್ಬರು ಹೆಣ್ಣುಮಕ್ಕಳ ಹೆಸರಿಟ್ಟರು. ಒಬ್ಬರು ಮಿಥಾಲಿ ರಾಜ್, ಇನ್ನೊಬ್ಬರು ವಿಜಯವಾಡದ ವಿಕೆಟ್ ಕೀಪರ್ ರಾವಿ ಕಲ್ಪನಾ. ನಾವು 330 ಓಟ ಹೊಡೆದೂ ಸೋತೆವು. ಆದರೂ ಮೊಮ್ಮಗಳಿಗೆ ಬೇಸರವಿಲ್ಲ. ಅವಳಿಗೆ ಸೋಲಿಗಿಂತ ಆ ಹೆಸರುಗಳೇ ದೊಡ್ಡ ವಿಷಯ. "ಅಜ್ಜಿ, ಹುಡುಗೀರ ಹೆಸರೂ ಇಡ್ತಾರಾ?" ಎಂದು ಕೇಳಿದಳು.

ಮರುದಿನ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ವಿಜಯವಾಡಕ್ಕೆ ಹಿಂತಿರುಗುತ್ತಿದ್ದೆವು. ದುವ್ವಾಡ ದಾಟುವಾಗ ನಾವು ಇಪ್ಪತ್ತೈದು ವರ್ಷ ಬದುಕಿದ ಉಕ್ಕುನಗರಂ ಇರುವ ದಿಕ್ಕನ್ನು ಮಗಳು ನೋಡುತ್ತಾ ಕುಳಿತಿದ್ದಳು. ಆಮೇಲೆ ಮೆಲ್ಲಗೆ, "ನನ್ನ ಕಾಲಕ್ಕೆ ಸಾನಿಯಾ ಇದ್ದಳು, ಅಲ್ವಾ ಅಮ್ಮ?" ಎಂದಳು. ನಾನು ಹೂಂ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಸಾನಿಯಾ ಅವರ ಕಥೆ.

ಸಾನಿಯಾಗಿಂತ ಮುಂಚೆ

ಟೆನಿಸ್ ನಮ್ಮ ಹೆಣ್ಣುಮಕ್ಕಳಿಗೆ ಸಾನಿಯಾ ಅವರಿಂದಲೇ ಬಂತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1934ರಲ್ಲೇ ಲೀಲಾ ರಾವ್ ಎಂಬ ಮುಂಬೈಯ ತರುಣಿ ವಿಂಬಲ್ಡನ್‌ನಲ್ಲಿ ಒಂದು ಪಂದ್ಯ ಗೆದ್ದಿದ್ದರು. ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಅವರ ತಾಯಿ ಪಂಡಿತಾ ಕ್ಷಮಾ ರಾವ್ ಸಂಸ್ಕೃತದಲ್ಲಿ ಬರೆಯುತ್ತಿದ್ದವರು, ತಾವೂ ಟೆನಿಸ್ ಆಡುತ್ತಿದ್ದವರು. ತಾಯಿಯೇ ಆಡುತ್ತಿದ್ದ ಮನೆಯಲ್ಲಿ ಮಗಳಿಗೆ ಬೇಡ ಎನ್ನುವವರು ಯಾರು? ನನಗೆ ಈ ಸಂಗತಿ ತಿಳಿದಾಗ ಮೊದಲು ಹೊಳೆದದ್ದು ಇದೇ.

1952ರಲ್ಲಿ ರೀಟಾ ದಾವರ್ ವಿಂಬಲ್ಡನ್ ಬಾಲಕಿಯರ ಫೈನಲ್ ತಲುಪಿದರು. 1971ರಲ್ಲಿ ನಿರುಪಮಾ ಮಂಕಡ್, ಆನಂದ್ ಅಮೃತರಾಜ್ ಜೊತೆ ಅಲ್ಲಿ ಮಿಶ್ರ ಡಬಲ್ಸ್ ಆಡಿದರು. 1972ರಲ್ಲಿ ಏಷ್ಯಾದ ಮಹಿಳಾ ಪ್ರಶಸ್ತಿ ಗೆದ್ದವರು ಕಿರಣ್ ಬೇಡಿ. ಹೌದು, ನಾವು ಪೊಲೀಸ್ ಅಧಿಕಾರಿ ಎಂದು ಬಲ್ಲ ಅದೇ ಕಿರಣ್ ಬೇಡಿ! 1998ರಲ್ಲಿ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸುತ್ತು ಗೆದ್ದರು. 1934ರಿಂದ 1998ರವರೆಗೆ ಲೆಕ್ಕ ಹಾಕಿ, ಅರವತ್ತನಾಲ್ಕು ವರ್ಷ. ಅಷ್ಟು ವರ್ಷಗಳಲ್ಲಿ ಒಂದು ಸುತ್ತು ಗೆದ್ದದ್ದೇ ನಮಗೆ ದೊಡ್ಡ ಸುದ್ದಿಯಾಗಿತ್ತು. ಆಡುವವರು ಇದ್ದರು. ಆದರೆ ಒಬ್ಬೊಬ್ಬರೂ ಒಂಟಿಯಾಗಿ ಬಂದು ಒಂಟಿಯಾಗಿ ಹೋದರು.

ನಮ್ಮ ಉತ್ತರಾಂಧ್ರದಲ್ಲಿ ಹೆಣ್ಣುಮಕ್ಕಳ ಆಟವೆಂದರೆ ಆಗ ಎಲ್ಲರ ಬಾಯಲ್ಲಿದ್ದದ್ದು ಶ್ರೀಕಾಕುಳಂ ಜಿಲ್ಲೆಯ ಕರಣಂ ಮಲ್ಲೇಶ್ವರಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದ ಅವರು ಒಲಿಂಪಿಕ್ ಪದಕ ತಂದ ಮೊದಲ ಭಾರತೀಯ ಮಹಿಳೆ. ಆ ವರ್ಷ ವೈಜಾಗ್‌ನಲ್ಲಿ ಹೆಣ್ಣುಮಕ್ಕಳಿದ್ದ ತಾಯಂದಿರೆಲ್ಲ ಸ್ವಲ್ಪ ಎದೆಯುಬ್ಬಿಸಿಯೇ ನಡೆದಾಡಿದೆವು.

ಸಗಣಿ ಸಾರಿಸಿದ ಕೋರ್ಟಿನ ಹುಡುಗಿ

ಸಾನಿಯಾ ಹುಟ್ಟಿದ್ದು 1986ರ ನವೆಂಬರ್ 15ರಂದು ಮುಂಬೈಯಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಇಮ್ರಾನ್ ಮಿರ್ಜಾ, ತಾಯಿ ನಸೀಮಾ. ಆರು ವರ್ಷಕ್ಕೆ ರಾಕೆಟ್ ಹಿಡಿದರು. ಆಗಿನ ಹೈದರಾಬಾದಿನಲ್ಲಿ ಈಗಿನಂಥ ನೀಲಿ ಬಣ್ಣದ ಗಟ್ಟಿ ಕೋರ್ಟುಗಳು ಎಲ್ಲಿದ್ದವು? ಸಗಣಿ ಸಾರಿಸಿದ ಕೋರ್ಟಿನಲ್ಲಿ ಆಡಿ ಬೆಳೆದವಳು ನಾನು ಎಂದು ಅವರೇ ಎಷ್ಟೋ ಸಲ ಹೇಳಿದ್ದಾರೆ. ಅಂಗಳ ಸಾರಿಸಿ ರಂಗೋಲಿ ಇಟ್ಟ ನಮಗೆ ಆ ನೆಲ ಹೇಗಿರುತ್ತದೆಂದು ಬೇರೆಯವರು ಹೇಳಬೇಕಿಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದ್ದಾರೆ. ಎಂಟು ವರ್ಷದ ಹುಡುಗಿಯಾಗಿದ್ದಾಗ ನೆಂಟರು, ನೆರೆಹೊರೆಯವರು ಬಂದು, ಬಿಸಿಲಿನಲ್ಲಿ ಆಡಿ ಕಪ್ಪಾಗುತ್ತಾಳೆ, ಮುಂದೆ ಇವಳನ್ನು ಯಾರು ಮದುವೆಯಾಗುತ್ತಾರೆ ಎನ್ನುತ್ತಿದ್ದರಂತೆ. ಎಂಟು ವರ್ಷಕ್ಕೆ! ತಂದೆ ತಾಯಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾನಿಯಾ ಅವರ ಎಲ್ಲ ಕಪ್‌ಗಳಿಗೂ ಮುಂಚಿನ ಗೆಲುವು ಅದೇ. ಅದನ್ನು ಗೆದ್ದವರು ಅವರಲ್ಲ, ಅವರ ತಂದೆ ತಾಯಿ.

2001ರ ಸುಮಾರಿಗೆ, ಹದಿನಾಲ್ಕನೇ ವಯಸ್ಸಿನಲ್ಲಿ, ರಾಷ್ಟ್ರೀಯ ಟೂರ್ನಿಯಲ್ಲಿ ಮಿಶ್ರ ಡಬಲ್ಸ್ ಆಡಿ ಗೆದ್ದಾಗ ಪಕ್ಕದಲ್ಲಿದ್ದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಅದು ಸಾನಿಯಾ ಅವರ ಮೊದಲ ಮಿಶ್ರ ಡಬಲ್ಸ್ ಜೋಡಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 2003ರಲ್ಲಿ ರಷ್ಯಾದ ಅಲಿಸಾ ಕ್ಲೇಬನೋವಾ ಜೊತೆ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು. ಅದೇ ವರ್ಷ ಹೈದರಾಬಾದಿನ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ. ಆಗ ಆಂಧ್ರ ಒಂದೇ ರಾಜ್ಯ. ಹೈದರಾಬಾದಿನ ಹುಡುಗಿ ಎಂದರೆ ವೈಜಾಗ್‌ಗೂ ಬೆಜವಾಡಕ್ಕೂ ನಮ್ಮ ಹುಡುಗಿಯೇ.

2005

ಆ ವರ್ಷದ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮೂರನೇ ಸುತ್ತಿಗೆ ಬಂದು ಸೆರೆನಾ ವಿಲಿಯಮ್ಸ್ ಎದುರು ಸೋತರು. ಸೋತರೂ ಮಾರನೆಯ ದಿನ ಎಲ್ಲ ತೆಲುಗು ಪತ್ರಿಕೆಗಳಲ್ಲಿ ಅವರದೇ ಫೋಟೋ. ಫೆಬ್ರವರಿಯಲ್ಲಿ ಹೈದರಾಬಾದ್ ಓಪನ್. ಫೈನಲ್‌ನಲ್ಲಿ ಉಕ್ರೇನಿನ ಅಲ್ಯೋನಾ ಬೊಂಡಾರೆಂಕೊ ಎದುರು 6-4, 5-7, 6-3. ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ, ವಯಸ್ಸು 18.

ನಮ್ಮ ಕ್ವಾರ್ಟರ್ಸ್‌ನ ಸಾಲಿನಲ್ಲಿ ಅವತ್ತು ಎಲ್ಲರ ಮನೆಯ ಟಿವಿಯೂ ಒಂದೇ ಚಾನೆಲ್. ಟೆನಿಸ್‌ನಲ್ಲಿ ಹದಿನೈದಾದ ಮೇಲೆ ಮೂವತ್ತು, ಮೂವತ್ತಾದ ಮೇಲೆ ನಲವತ್ತೈದು ಬಿಟ್ಟು ನಲವತ್ತು ಯಾಕೆ ಎಂದು ತಲೆ ಕೆರೆದುಕೊಳ್ಳುತ್ತಿದ್ದ ನಾವೆಲ್ಲ ಒಂದು ತಿಂಗಳಲ್ಲಿ ಡ್ಯೂಸ್, ಬ್ರೇಕ್ ಪಾಯಿಂಟ್ ಎಂದು ಮಾತಾಡತೊಡಗಿದೆವು. ಮಾರ್ಚ್‌ನಲ್ಲಿ ದುಬೈಯಲ್ಲಿ, ಹಿಂದಿನ ವರ್ಷದ ಅಮೆರಿಕನ್ ಓಪನ್ ಗೆದ್ದಿದ್ದ ಸ್ವೆಟ್ಲಾನಾ ಕುಜ್ನೆಟ್ಸೋವಾರನ್ನು ಸೋಲಿಸಿದರು. ಸೆಪ್ಟೆಂಬರ್‌ನಲ್ಲಿ ಅದೇ ಅಮೆರಿಕನ್ ಓಪನ್‌ನ ನಾಲ್ಕನೇ ಸುತ್ತು ಮುಟ್ಟಿ ಶರಪೋವಾಗೆ ಸೋತರು. ವರ್ಷದ ಆರಂಭದಲ್ಲಿ 150ರ ಆಚೆ ಇದ್ದ ಶ್ರೇಯಾಂಕ ಕೊನೆಗೆ 40ರ ಒಳಗೆ ಬಂತು.

ಅದೇ ವರ್ಷ ಅವರ ಸ್ಕರ್ಟಿನ ಉದ್ದವೂ ಸುದ್ದಿಯಾಯಿತು. ಹಾಗೆ ಉಡಬಾರದು, ಹೀಗೆ ಉಡಬೇಕು ಎಂದು ಕೆಲವರು ಅಪ್ಪಣೆ ಹೊರಡಿಸಿದರು. ಮೂಗುತಿ, ಕನ್ನಡಕ, ಬರಹವಿದ್ದ ಟೀ ಶರ್ಟು ಎಲ್ಲಕ್ಕೂ ಒಂದೊಂದು ಚರ್ಚೆ. ಆ ಫೋರ್‌ಹ್ಯಾಂಡ್ ಹೊಡೆತ ಎಷ್ಟು ಜೋರು, ಅದಕ್ಕೆ ಮಣಿಕಟ್ಟು ಎಷ್ಟು ತಿರುಗಬೇಕು ಎಂದು ಮಾತಾಡಿದವರು ಕಡಿಮೆ. 2008ರ ಹೊತ್ತಿಗೆ ಈ ಗಲಾಟೆಗಳಿಂದ ಎಷ್ಟು ಬೇಸತ್ತಿದ್ದರೆಂದರೆ ಬೆಂಗಳೂರಿನ ಟೂರ್ನಿಗೆ ಬರುವುದಿಲ್ಲ ಎಂದೇ ಹೇಳಿಬಿಟ್ಟರು. 2006ರಲ್ಲಿ ಲೀಝಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದಿದ್ದ ಊರದು. ತನ್ನ ದೇಶದಲ್ಲೇ ಆಡಲು ಮನಸ್ಸಾಗದಂತೆ ಒಬ್ಬ ಇಪ್ಪತ್ತೊಂದು ವರ್ಷದ ಹುಡುಗಿಯನ್ನು ನಾವೆಲ್ಲ ಸೇರಿ ಮಾಡಿದೆವು.

ಮಣಿಕಟ್ಟು

2007ರ ಆಗಸ್ಟ್‌ನಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನ. ಭಾರತದ ಬೇರೆ ಯಾವ ಮಹಿಳೆಯೂ ಅಲ್ಲಿಯವರೆಗೆ ಏರಿಲ್ಲ. ಮುಂದಿನ ವರ್ಷ ಬಲಗೈ ಮಣಿಕಟ್ಟು ಕೈಕೊಟ್ಟಿತು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯದ ಮಧ್ಯದಲ್ಲೇ ಹೊರಬರಬೇಕಾಯಿತು. ಆ ದಿನಗಳಲ್ಲಿ ತನ್ನ ತಲೆ ತಾನು ಬಾಚಿಕೊಳ್ಳಲೂ ಆಗುತ್ತಿರಲಿಲ್ಲ, ಮನಸ್ಸು ಪೂರ್ತಿ ಕುಸಿದಿತ್ತು ಎಂದು ಆಮೇಲೆ ಹೇಳಿಕೊಂಡಿದ್ದಾರೆ. ಮಣಿಕಟ್ಟು, ಮಂಡಿಗಳು ಸೇರಿ ಮೂರು ಶಸ್ತ್ರಚಿಕಿತ್ಸೆಗಳಾದವು.

ಹಾಗಿದ್ದೂ 2009ರ ಜನವರಿಯಲ್ಲಿ ಮಹೇಶ್ ಭೂಪತಿ ಜೊತೆ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಗ್ರ್ಯಾಂಡ್ ಸ್ಲಾಮ್ ಗೆದ್ದ ಮೊದಲ ಭಾರತೀಯ ಮಹಿಳೆ. 2012ರಲ್ಲಿ ಅದೇ ಜೋಡಿ ಫ್ರೆಂಚ್ ಓಪನ್ ಗೆದ್ದಿತು.

ಅದೇ 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಯಾರು ಯಾರ ಜೊತೆ ಆಡಬೇಕೆಂದು ನಮ್ಮ ಗಂಡು ಆಟಗಾರರ ನಡುವೆ ದೊಡ್ಡ ಜಗಳವಾಯಿತು. ಮುನಿಸಿಕೊಂಡ ಹಿರಿಯ ಆಟಗಾರರೊಬ್ಬರನ್ನು ಸಮಾಧಾನ ಮಾಡಲು ತನ್ನನ್ನು ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಬಳಸಿದ್ದಾರೆ ಎಂದು ಸಾನಿಯಾ ಬಹಿರಂಗವಾಗಿ ಪತ್ರ ಬರೆದರು. ದೇಶ ಹೇಳಿದವರ ಜೊತೆ ಆಡುತ್ತೇನೆ, ಆದರೆ ಹೀಗೆ ನಡೆಸಿಕೊಂಡದ್ದು ಅವಮಾನ ಎಂಬುದು ಅದರ ಸಾರ. ಆಡಿದರು ಕೂಡ. ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ, ನುಂಗಿಕೊಂಡು ಸುಮ್ಮನೆಯೂ ಇರಲಿಲ್ಲ. ನಮ್ಮಲ್ಲಿ ಎಷ್ಟು ಜನರಿಗೆ ಇವೆರಡೂ ಒಟ್ಟಿಗೆ ಸಾಧ್ಯವಾಗಿದೆ?

2013ರಲ್ಲಿ ಸಿಂಗಲ್ಸ್ ಪೂರ್ತಿ ಬಿಟ್ಟರು. ಆಗ ಬಹಳ ಜನ, ಇಲ್ಲಿಗೆ ಮುಗಿಯಿತು ಎಂದರು. ನನಗೆ ಅದರ ಲೆಕ್ಕಾಚಾರ ಬಿಡಿಸಿ ಹೇಳಿದವಳು ಮಗಳು. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ, ಅಷ್ಟನ್ನೂ ಒಬ್ಬಳೇ ಓಡಿ ಕಾಯಬೇಕು. ಡಬಲ್ಸ್‌ನಲ್ಲಿ ಅಗಲ 36 ಅಡಿ, ಆದರೆ ಕಾಯುವವರು ಇಬ್ಬರು. ಸಿಂಗಲ್ಸ್‌ನಲ್ಲಿ ಎರಡು ಗೇಮಿಗೊಮ್ಮೆ ಸರ್ವ್ ಮಾಡಬೇಕು, ಡಬಲ್ಸ್‌ನಲ್ಲಿ ನಾಲ್ಕಕ್ಕೊಮ್ಮೆ. ನೊಂದ ಮಂಡಿಗೂ ಮಣಿಕಟ್ಟಿಗೂ ಅರ್ಧ ಭಾರ ಇಳಿಯಿತು. ಉಳಿದದ್ದು ಆ ಫೋರ್‌ಹ್ಯಾಂಡ್. ತನಗೆ ಏನು ಆಗುವುದಿಲ್ಲ ಎಂದು ಒಪ್ಪಿಕೊಂಡು, ಏನು ಆಗುತ್ತದೋ ಅದನ್ನು ಪೂರ್ತಿ ಮಾಡುವುದು. ಅದು ಸೋಲಲ್ಲ, ಜಾಣತನ.

ಮೊದಲ ಸ್ಥಾನ

2014ರಲ್ಲಿ ಬ್ರೂನೊ ಸೋರೆಸ್ ಜೊತೆ ಅಮೆರಿಕನ್ ಓಪನ್ ಮಿಶ್ರ ಡಬಲ್ಸ್. ರಾಜ್ಯ ಒಡೆದ ವರ್ಷವೂ ಅದೇ. ತೆಲಂಗಾಣ ಸರ್ಕಾರ ಅವರನ್ನು ರಾಯಭಾರಿಯಾಗಿ ಆರಿಸಿದಾಗ, ಪಾಕಿಸ್ತಾನದ ಸೊಸೆಗೆ ಈ ಗೌರವ ಯಾಕೆ ಎಂದು ಕೇಳಿದವರೂ ಇದ್ದರು. ಮದುವೆಯಾದ ಹೆಣ್ಣು ಯಾವ ಊರಿನವಳು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬದುಕಬೇಕು ಎಂಬುದು ನನಗೆ ಗೊತ್ತು. ಇಷ್ಟು ವರ್ಷವಾದರೂ ಚಿತ್ರದುರ್ಗಕ್ಕೆ ಹೋದರೆ ನಾನು ಆಂಧ್ರದವಳು, ಇಲ್ಲಿ ನಾನು ಕನ್ನಡದವಳು.

2015ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆ ಆಟ ಶುರುವಾಯಿತು. ಹಿಂದಿನಿಂದ ಸಾನಿಯಾ ಅಪ್ಪಳಿಸುವುದು, ನೆಟ್ ಹತ್ತಿರ ಹಿಂಗಿಸ್ ಮುಗಿಸುವುದು. ಮೊದಲ ಮೂರು ಟೂರ್ನಿಗಳನ್ನೂ ಗೆದ್ದರು. ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಒಟ್ಟು 91 ವಾರ ಆ ಸ್ಥಾನದಲ್ಲಿದ್ದರು.

ಜುಲೈನ ವಿಂಬಲ್ಡನ್ ಫೈನಲ್ ನಾನು ಮರೆಯುವ ಹಾಗಿಲ್ಲ. ಎದುರಿಗೆ ರಷ್ಯಾದ ಮಕರೋವಾ ಮತ್ತು ವೆಸ್ನಿನಾ. ಮೊದಲ ಸೆಟ್ ಹೋಯಿತು, ಎರಡನೆಯದು ಟೈಬ್ರೇಕ್‌ನಲ್ಲಿ ಬಂತು. ಮೂರನೆಯದರಲ್ಲಿ 2-5 ಹಿಂದೆ. ನಮ್ಮ ಯಜಮಾನರು ಎದ್ದು ಮಲಗಲು ಹೋದರು. ನಾನು ಕುಳಿತೇ ಇದ್ದೆ. 5-5 ಆದಾಗ ಕತ್ತಲೆಂದು ಆಟ ನಿಲ್ಲಿಸಿ ಮೇಲ್ಛಾವಣಿ ಮುಚ್ಚಿದರು. ದೀಪದ ಬೆಳಕಿನಲ್ಲಿ ಮತ್ತೆ ಆಡಿ 7-5ರಿಂದ ಗೆದ್ದರು. ನಾನು ಕಿರುಚಿದ ಸದ್ದಿಗೆ ಯಜಮಾನರು ಎದ್ದು ಬಂದು, ಏನಾಯಿತೋ ಎಂದು ಗಾಬರಿಯಾಗಿ ನೋಡಿದರು. ಮುಂದೆ ಅಮೆರಿಕನ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್ ಕೂಡ ಈ ಜೋಡಿಗೇ. ನಡುವೆ ಸತತ 41 ಪಂದ್ಯಗಳ ಗೆಲುವು.

ಅದೇ 2016ರಲ್ಲಿ, ಅವರ ಆತ್ಮಕಥೆ ಬಂದ ಸಮಯದಲ್ಲಿ, ಒಂದು ಟಿವಿ ಸಂದರ್ಶನದಲ್ಲಿ ಅವರನ್ನು ಕೇಳಿದರು, ತಾಯ್ತನ ಯಾವಾಗ, ಜೀವನದಲ್ಲಿ ನೆಲೆ ನಿಲ್ಲುವುದು ಯಾವಾಗ ಎಂದು. ವಿಶ್ವದಲ್ಲೇ ಮೊದಲ ಸ್ಥಾನದಲ್ಲಿರುವವಳು ಇನ್ನೂ ನೆಲೆ ನಿಂತಿಲ್ಲ ಎಂದು ನಿಮಗೆ ಅನ್ನಿಸುತ್ತದೆಯೇ ಎಂಬರ್ಥದಲ್ಲಿ ತಿರುಗಿ ಕೇಳಿದರು. ಸಂದರ್ಶಕರು ಅಲ್ಲೇ ಕ್ಷಮೆ ಕೇಳಿದರು. ನಮ್ಮ ಯಾವ ಮದುವೆ ಮನೆಯಲ್ಲಿ ಈ ಪ್ರಶ್ನೆ ಕೇಳುವುದಿಲ್ಲ ಹೇಳಿ? ಕ್ಷಮೆ ಕೇಳಿದವರನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

ತಾಯಿಯಾಗಿ ಮರಳಿದ್ದು

2018ರ ಅಕ್ಟೋಬರ್‌ನಲ್ಲಿ ಮಗ ಇಝಾನ್ ಹುಟ್ಟಿದ. ಬಾಣಂತನದ ನಂತರ ಸುಮಾರು 26 ಕಿಲೋ ತೂಕ ಇಳಿಸಿ, 2020ರ ಜನವರಿಯಲ್ಲಿ ಹೋಬಾರ್ಟ್‌ಗೆ ಹೋದರು. ಎರಡು ವರ್ಷಕ್ಕೂ ಹೆಚ್ಚಿನ ಬಿಡುವಿನ ನಂತರದ ಮೊದಲ ಟೂರ್ನಿ. ಉಕ್ರೇನಿನ ನಾದಿಯಾ ಕಿಚೆನೋಕ್ ಜೊತೆ ಅದನ್ನು ಗೆದ್ದೇಬಿಟ್ಟರು. ಮಾರ್ಚ್‌ನಲ್ಲಿ ದುಬೈಯಲ್ಲಿ ಫೆಡ್ ಕಪ್ ಆಡುವಾಗ ಒಂದು ಕೈಯಲ್ಲಿ ರಾಕೆಟ್, ಸೊಂಟದ ಮೇಲೆ ಮಗು ಇರುವ ಫೋಟೋ ಎಲ್ಲರ ಮೊಬೈಲ್‌ಗೂ ಬಂತು. ನಮ್ಮ ವಾಟ್ಸಾಪ್ ಗುಂಪಿಗೂ ಬಂದಿತ್ತು, ನೆನಪಿದೆಯೇ?

2023ರ ಜನವರಿ, ಆಸ್ಟ್ರೇಲಿಯನ್ ಓಪನ್, ಅವರ ಕೊನೆಯ ಗ್ರ್ಯಾಂಡ್ ಸ್ಲಾಮ್. ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಪಕ್ಕದಲ್ಲಿದ್ದವರು ಯಾರು? ಅದೇ ರೋಹನ್ ಬೋಪಣ್ಣ! 2016ರ ರಿಯೊದಲ್ಲಿ ಇಬ್ಬರೂ ಕಂಚಿನ ಪಂದ್ಯದವರೆಗೆ ಹೋಗಿ ಸೋತಿದ್ದರು. ಇಲ್ಲೂ ಸೋತರು. ಮೈಕ್ ಹಿಡಿದು, ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ ರೋಹನ್ ನನ್ನ ಮೊದಲ ಜೋಡಿ ಎಂದು ನೆನೆದು ಅತ್ತರು. ಮಗ ಓಡಿ ಬಂದ. ಅಮ್ಮ ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡುವುದನ್ನು ಮಗ ನೋಡುತ್ತಾನೆಂದು ಎಣಿಸಿರಲಿಲ್ಲ ಎಂದರು. ಫೆಬ್ರವರಿಯಲ್ಲಿ ದುಬೈಯಲ್ಲಿ ಕೊನೆಯ ಪಂದ್ಯ, ಮಾರ್ಚ್ 5ರಂದು ಹೈದರಾಬಾದಿನ ಎಲ್.ಬಿ. ಸ್ಟೇಡಿಯಂನಲ್ಲಿ ವಿದಾಯ. 2005ರಲ್ಲಿ ಗೆದ್ದಿದ್ದ ಅದೇ ಅಂಗಳ. ಆರು ಗ್ರ್ಯಾಂಡ್ ಸ್ಲಾಮ್, ಡಬಲ್ಸ್‌ನಲ್ಲಿ 43 ಪ್ರಶಸ್ತಿ, ನಾಲ್ಕು ಒಲಿಂಪಿಕ್ಸ್. ಅದೇ ವರ್ಷ ನಮ್ಮ ಆರ್‌ಸಿಬಿ ಮಹಿಳಾ ತಂಡಕ್ಕೆ ಮಾರ್ಗದರ್ಶಿಯಾಗಿಯೂ ಬಂದರು.

ನನ್ನ ಮಾತು

ಈಗ ರೈಲಿನ ವಿಷಯಕ್ಕೆ ಬರುತ್ತೇನೆ. 2005ರಲ್ಲಿ ನನ್ನ ಮಗಳಿಗೆ ಹನ್ನೊಂದು. ಆ ವರ್ಷ ಊರಿನ ಅರ್ಧ ಮಕ್ಕಳು ರಾಕೆಟ್ ಕೊಡಿಸಿ ಎಂದು ಹಟ ಹಿಡಿದರು, ಅವಳೂ ಹಿಡಿದಳು. ಎರಡು ವರ್ಷ ಚೆನ್ನಾಗಿ ಆಡಿದಳು. ಜಿಲ್ಲಾ ಮಟ್ಟದಲ್ಲಿ ಒಂದು ಪದಕವೂ ಬಂತು. ವೈಜಾಗ್‌ನ ಸಮುದ್ರದ ಬಿಸಿಲು ನಿಮಗೆ ಗೊತ್ತು, ಮೈಗೆ ಅಂಟಿಕೊಳ್ಳುತ್ತದೆ. ಎಂಟನೇ ಕ್ಲಾಸಿಗೆ ಬಂದಾಗ ಬಿಡಿಸಿದೆ. ಗಣಿತ ಹಿಂದೆ ಬೀಳುತ್ತಿದೆ, ಇನ್ನು ಓದಿನ ಕಡೆ ಗಮನ ಕೊಡು ಎಂದು ಅವಳಿಗೆ ಹೇಳಿದೆ. ಅವಳು ಎದುರು ಮಾತಾಡಲಿಲ್ಲ. ಓದಿದಳು, ಇಂಜಿನಿಯರ್ ಆದಳು, ಈಗ ವಿಜಯವಾಡದಲ್ಲಿ ಸಂಸಾರ. ನಾವೂ ನಿವೃತ್ತಿಯ ನಂತರ ಅವಳ ಹತ್ತಿರವೇ ಬಂದೆವು.

ಗೋದಾವರಿ ಸೇತುವೆ ದಾಟುವಾಗ ಮೊಮ್ಮಗಳು ನದಿಗೆ ನಾಣ್ಯ ಎಸೆಯಲು ಕಿಟಕಿಗೆ ಆತುಕೊಂಡಿದ್ದಳು. ನಾನೇ ಧೈರ್ಯ ಮಾಡಿ ಕೇಳಿದೆ: "ಟೆನಿಸ್ ಬಿಡಿಸಿದ್ದು ನಿನಗೆ ಇನ್ನೂ ಬೇಜಾರಾ?"

"ಬಿಡಿಸಿದ್ದಕ್ಕಲ್ಲ ಅಮ್ಮ. ನಾನೇನು ಸಾನಿಯಾ ಆಗ್ತಿರಲಿಲ್ಲ, ನಂಗೂ ಗೊತ್ತು. ಆದ್ರೆ ಅವತ್ತು ನೀನು ಫೋನಲ್ಲಿ ದೊಡ್ಡಮ್ಮಂಗೆ ಹೇಳಿದ್ದು ಕೇಳಿಸ್ಕೊಂಡಿದ್ದೆ. ಕಪ್ಪಾಗಿಬಿಟ್ಟಿದಾಳೆ, ನಾಳೆ ಗಂಡು ಹುಡುಕೋದು ಕಷ್ಟ ಅಂದೆ. ನಂಗೆ ಮಾತ್ರ ಗಣಿತ ಅಂದೆ."

ಹದಿನೆಂಟು ವರ್ಷ ಅದನ್ನು ಇಟ್ಟುಕೊಂಡಿದ್ದಳು. ಎಂಟು ವರ್ಷದ ಸಾನಿಯಾ ಕೇಳಿಸಿಕೊಂಡ ಅದೇ ಮಾತು. ಅಲ್ಲಿ ಹೇಳಿದವರು ನೆರೆಹೊರೆಯವರು, ತಾಯಿ ಅಡ್ಡ ನಿಂತರು. ಇಲ್ಲಿ ಹೇಳಿದವಳು ತಾಯಿಯೇ. ತಪ್ಪಾಯಿತು ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು, ಏನೂ ಹೇಳಲಿಲ್ಲ. ಏಲೂರು ಬರುವವರೆಗೂ ಇಬ್ಬರೂ ಸುಮ್ಮನಿದ್ದೆವು.

ಆಡಿದ ಎಲ್ಲ ಹುಡುಗಿಯರೂ ವಿಂಬಲ್ಡನ್‌ಗೆ ಹೋಗುವುದಿಲ್ಲ. ಓದೂ ಬೇಕು, ದುಡ್ಡೂ ಸಾಲದೇ ಬರಬಹುದು, ಬಿಡಿಸುವ ಕಾಲವೂ ಬರಬಹುದು. ಬಿಡಿಸಬೇಕಾಗಿ ಬಂದರೆ ನಿಜವಾದ ಕಾರಣವನ್ನು ಮಗಳ ಮುಂದೆ ಹೇಳಿ ನೋಡಿ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಕಾರಣವಾದರೆ, ಬಿಡಿಸಬೇಡಿ. ಈ ಸಂಚಿಕೆ ಓದುವ ಕಿರಿಯ ತಾಯಂದಿರಿಗೆ ನಾನು ಹೇಳುವುದು ಇಷ್ಟೇ.

ಈಗ ಭಾನುವಾರ ಬೆಳಿಗ್ಗೆ ಮೊಮ್ಮಗಳನ್ನು ಆಟಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಕೃಷ್ಣೆಯ ಕಡೆಯಿಂದ ಬೀಸುವ ಗಾಳಿ ಎಂಟು ಗಂಟೆಯವರೆಗೆ ಮಾತ್ರ, ಆಮೇಲೆ ಬೆಜವಾಡದ ಬಿಸಿಲು ನಿಮಗೆಲ್ಲ ಗೊತ್ತೇ ಇದೆ. ಕಳೆದ ವಾರ ಪಕ್ಕದಲ್ಲಿ ಕುಳಿತಿದ್ದ ಒಬ್ಬಾಕೆ, "ಪಾಪ, ಮಗು ಕಪ್ಪಾಗ್ತಾ ಇದೆ" ಎಂದರು. "ಹೌದು, ಆಗಲಿ ಬಿಡಿ" ಎಂದೆ. ನೀರಿನ ಬಾಟಲಿ, ಟೋಪಿ ಎರಡೂ ನನ್ನ ಚೀಲದಲ್ಲಿದ್ದವು.